ಹಳೇ ಹಸಿರು

ಕೆತ್ತಿಕಲ್ಲಿನ ಏರಿನಲ್ಲಿ
ಮತ್ತೆ ಕುದಿದು ನಿಂತಿತ್ತು ಮೆಟಡೋರ್.
ಹಿಂದೆ ನೂರಿಪ್ಪತ್ತು ಬನ್ನು, ಅವಕ್ಕೂ ಬಿಸಿ ಆರಿಲ್ಲ.

ಅಂಗಡಿಯವ ಗುಲಾಬಿ ಕೂಲಂಟ್ ಕೊಟ್ಟಿದ್ದ:
"ಹೊಸ ನಮೂನೆ, ಐದು ವರ್ಷ ತೆರೆದು ನೋಡುವುದೇ ಬೇಡ."
ಹಸನಬ್ಬ ಡಬ್ಬ ತಿರುಗಿಸಿ, ಮೂಸಿ, ಬದಿಗಿಟ್ಟರು.
"ಇದರದ್ದು ಹಿತ್ತಾಳೆ ರೇಡಿಯೇಟರು ಬಾಯಮ್ಮ,
ಮೈಯೆಲ್ಲ ಬೆಸುಗೆ. ಹಳೇ ಹಸಿರೇ ಹಿಡಿಸುವುದು.
ಎರಡನ್ನೂ ಬೆರೆಸಿದಿರೋ, ಒಳಗೆ ರಾಗಿ ಮಣ್ಣಿ!"

"ಅರ್ಧ ನೀರು ಸೇರಿಸಬೇಕಲ್ಲ, ನಮ್ಮ ಬಾವಿಯದ್ದು ಉಂಟು."
"ಉಳ್ಳಾಲದ್ದಾ? ಬೇಡವೇ ಬೇಡ.
ಬ್ಯಾಟರಿಗೆ ಹಾಕುವ ನೀರು ತನ್ನಿ,
ರುಚಿಯೇ ಇಲ್ಲದ್ದು."

ಕೆಳಗಿನ ತಿರುಪು ಬಿಚ್ಚಿದರು.
ಬಿದ್ದದ್ದು ಕಂದು ನೀರು, ನಿನ್ನೆಯ ಚಾದ ಹಾಗೆ,
ಬೆರಳಿಗೆ ತುಕ್ಕಿನ ಹುಡಿ.

ಹನ್ನೊಂದು ವರ್ಷ, ದಿನಾ ಹೊರಡುವ ಮೊದಲು
ಒಂದು ತಂಬಿಗೆ,
ಪಾಪ ಬಾಯಾರೀತೆಂದು
ನಾನೇ ಎರೆದದ್ದು.