ಎಳ್ಳುಕಾಳಿನಷ್ಟು ಮಣ್ಣು

ನಿಲ್ಲಿ. ಮೊದಲು ಬೂಟು.
ಹಿಮ್ಮಡಿಯ ಸಂದು, ಹೊಲಿಗೆಯ ಗೆರೆ, ಲಾಡಿಯ ತುದಿ,
ಉಜ್ಜಿ. ಬ್ರಷ್ಷು ಅಲ್ಲಿ ಸರಪಳಿಗೆ ನೇತಾಡುತ್ತಿದೆ.
ಆಮೇಲೆ ಈ ಮದ್ದಿನ ನೀರಿನ ತಟ್ಟೆಯಲ್ಲಿ
ಎರಡೂ ಪಾದ ಊರಿ ಹತ್ತು ಎಣಿಸಿ.
ಹೌದು, ಊರುಗೋಲಿನ ತುದಿ ಕೂಡ.
ಹೌದು, ಕೂಸಿನ ಗಾಡಿಯ ನಾಲ್ಕು ಗಾಲಿ ಕೂಡ.

ಬೆಳಿಗ್ಗೆ ಎಂಟರಿಂದ ಇದೇ ನನ್ನ ಮಾತು.
ಒಳಗಿರುವುದು ಸಾವಿರ ಚಳಿಗಾಲ ಕಂಡ ಕೌರಿ ಮರಗಳು;
ಹೊರಗಿರುವುದು ನಾನು, ಮೆರೆಆನಾ,
ಒಂದು ಬಕೆಟ್ಟು, ಒಂದು ಪೈಪು, ಮಳೆಗೊಂದು ಹಳದಿ ಕೋಟು.

ಎಳ್ಳುಕಾಳಿನಷ್ಟು ಮಣ್ಣು ಸಾಕಂತೆ.
ಅದರೊಳಗೆ ಕಣ್ಣಿಗೆ ಬೀಳದ್ದೊಂದು ಈಜಿಕೊಂಡು ಹೋಗಿ
ತರಗೆಲೆಯ ಕೆಳಗೇ ಹರಡಿದ ಎಳೆಬೇರು ಹಿಡಿದರೆ
ಕೊಡಲಿಗೆ ಬಗ್ಗದ್ದು, ಬಿರುಗಾಳಿಗೆ ಬಗ್ಗದ್ದು
ಬುಡದಲ್ಲಿ ರಾಳ ಸುರಿಸಿಕೊಂಡು
ನೆತ್ತಿಯಿಂದ ಒಣಗುತ್ತ ಬರುತ್ತದೆ.
ಇದಕ್ಕೆ ಔಷಧಿ ಇಲ್ಲವೇ ಅನ್ನುತ್ತಾರೆ.
ಕೇಳಿದವರ ಕೈಗೆ ಬ್ರಷ್ಷು ಕೊಡುತ್ತೇನೆ.

ಮೊನ್ನೆ ಒಬ್ಬಾತ ರೇಗಿದ:
ಹೊಸ ಬೂಟಮ್ಮ, ನಿನ್ನೆ ಅಂಗಡಿಯಿಂದ ತಂದದ್ದು!
ಅಂಗಡಿಯಿಂದ ಇಲ್ಲಿಗೆ ಹಾರಿಕೊಂಡು ಬಂದಿರಾ ಅಂದೆ.
ಹೆಂಡತಿ ನಕ್ಕಳು. ಅವನು ಉಜ್ಜಿದ,
ಹಲ್ಲುಜ್ಜಲು ಒಲ್ಲದ ಹುಡುಗನ ಹಾಗೆ.

ನನ್ನ ಮುತ್ತಜ್ಜ ಶಿಮುನ್
ದಾಲ್ಮೇಶಿಯದ ಕಲ್ಲುನಾಡಿನಿಂದ ಹಡಗಿನ ತಳದಲ್ಲಿ ಬಂದವನು.
ಜೌಗಿನಲ್ಲಿ ಸಲಾಕೆ ಚುಚ್ಚಿ ಚುಚ್ಚಿ
ಸತ್ತ ಮರಗಳ ರಾಳ ಅಗೆದ.
ಅದು ಮುಗಿಯಿತು. ಬದುಕಿದ್ದವನ್ನು ಹತ್ತಿದ.
ಬೂಟಿನ ಮೂತಿಗೆ ಉಕ್ಕಿನ ಮೊಳೆ, ಎರಡು ಕೈಗೆ ಎರಡು ಕೊಕ್ಕೆ,
ಕೊಂಬೆಯಿಲ್ಲದ ಬೂದು ಗೋಡೆಯ ಮೇಲೆ
ಹಲ್ಲಿಯಂತೆ.
ಮೊಳಕ್ಕೊಂದು ಗಾಯ. ಆರು ತಿಂಗಳು ಬಿಟ್ಟು ಬಂದು
ಹೆಪ್ಪುಗಟ್ಟಿದ್ದನ್ನು ಕಿತ್ತು ಚೀಲಕ್ಕೆ.
ಕೂಡದೆಂದು ಕಾಯಿದೆ ಬಂತು. ರಾತ್ರಿ ಹತ್ತಿದ.

ಆ ದುಡ್ಡಿನದೇ ಸೀಮೆಎಣ್ಣೆ, ಹಿಟ್ಟು, ನಮ್ಮಜ್ಜನ ಮೊದಲ ಸ್ಲೇಟು.
ಮುತ್ತಜ್ಜಿ ಈ ಕಾಡಿನವರ ಮಗಳು.
ಅವಳಿಗೆ ಕೌರಿ ಅಂದರೆ ತಿಮಿಂಗಿಲದ ಅಣ್ಣ,
ಕಡಲಿಗೆ ಬಾ ಎಂದು ತಮ್ಮ ಕರೆದಾಗ
ಒಲ್ಲೆ ಎಂದು ದಡದಲ್ಲೇ ನಿಂತವನು.
ಗಂಡ ನಸುಕಿನಲ್ಲಿ ರಾಳದ ವಾಸನೆ ಹೊತ್ತು ಬಂದರೆ
ಮೂರು ದಿನ ಮಾತು ಬಿಡುತ್ತಿದ್ದಳಂತೆ.
ಹಿಟ್ಟು ಮಾತ್ರ ನಾದುತ್ತಿದ್ದಳಂತೆ.

ಸಂಜೆ ಐದಕ್ಕೆ ತಟ್ಟೆ ಬಸಿಯುವಾಗ
ತಳದಲ್ಲಿ ದಿನದ ಭೂಪಟ:
ಕೆಂಪು ಜಿಗುಟು, ಕಡಲ ಮರಳು, ಕುರಿಹಿಕ್ಕೆ,
ಯಾವುದೋ ವಿಮಾನ ನಿಲ್ದಾಣದ ಚೂಯಿಂಗ್ ಗಮ್ಮು,
ನನಗೆ ಹೆಸರು ಗೊತ್ತಿಲ್ಲದ ಹುಲ್ಲುಬೀಜ.
ಮುಚ್ಚಳ ಬಿಗಿದ ಡಬ್ಬದಲ್ಲಿ ಅದನ್ನು ದೂರ ಒಯ್ಯಬೇಕು.
ಭಾರ ಇರುತ್ತದೆ. ಸೊಂಟ ಹಿಡಿಯುತ್ತದೆ.

ಹೋದ ಚಳಿಗಾಲ, ಬಾಗಿಲು ಹಾಕಿದ ಒಂದು ದಿನ,
ಅಟ್ಟದಿಂದ ಮುತ್ತಜ್ಜನ ಬೂಟು ಇಳಿಸಿ ಇಲ್ಲಿಗೆ ತಂದೆ.
ಉಜ್ಜಿದೆ, ಮೊಳೆಮೊಳೆಯ ಸುತ್ತ.
ತಟ್ಟೆಯಲ್ಲಿಟ್ಟು ಹತ್ತು ಎಣಿಸಿದೆ,
ಅವನ ಭಾಷೆಯಲ್ಲಿ ಆರರವರೆಗೆ, ಅಷ್ಟೇ ಬರುವುದು;
ಉಳಿದದ್ದು ಅವಳದರಲ್ಲಿ.
ಹೊಲಿಗೆಯ ಸಂದಿನಲ್ಲಿ ಜೇನುಬಣ್ಣದ ಒಂದು ಹರಳು,
ಬ್ರಷ್ಷಿಗೆ ಬರಲಿಲ್ಲ, ಉಗುರಿಗೂ ಬರಲಿಲ್ಲ.
ನೂರು ವರ್ಷದ ಮೇಲೂ ಘಮ್ಮೆನ್ನುತ್ತಿತ್ತು.
ಬೂಟನ್ನು ಗೇಟಿನ ಈಚೆಗಿಟ್ಟು
ನಾನೂ ಈಚೆಗೇ ಕೂತೆ, ಬುತ್ತಿ ಬಿಚ್ಚಿ ಉಂಡೆ.

ಅರೆ, ನಿಮ್ಮ ಹತ್ತು ಯಾವಾಗಲೋ ಆಯಿತು. ಹೋಗಿ.
ಹಲಗೆಯ ದಾರಿ ಬಿಟ್ಟು ಇಳಿಯಬೇಡಿ.
ಮೂರನೆಯ ತಿರುವಿನಲ್ಲಿ, ಎಡಕ್ಕೆ,
ಮೈಯುದ್ದಕ್ಕೂ ಬಾಯಿ ಬಿಟ್ಟ ಹಳೆಯ ಗಾಯಗಳಿರುವ ಒಂದು ಮರ.
ಯಾರು ಮಾಡಿದ್ದೆಂದು ಅಲ್ಲಿ ಬೋರ್ಡಿಲ್ಲ.
ಇನ್ನೂ ಹಸಿರಾಗಿದೆ ಅನ್ನುತ್ತಾರೆ.
ಬರುವಾಗ ಹೇಳಿ.