ಹೆಬ್ಬೆಟ್ಟು

ಇನ್ನೊಂದ್ಸಲ ಒತ್ತಿ, ಅಂತಾನೆ ಹುಡುಗ.
ಒತ್ತಿದೆ. ಮಷೀನು ಕೆಂಪಗೆ ಮಿಣುಕಿತು.
ಒರೆಸ್ಕೊಂಡು ಒತ್ತಿ. ಸೆರಗಿಗೆ ಒರೆಸಿ ಒತ್ತಿದೆ.
ಉಗುಳು ಹಚ್ಚಿ, ಅಂದ ಹಿಂದೆ ನಿಂತವನು. ಹಚ್ಚಿದೆ.
ಬರ್ತಿಲ್ಲಮ್ಮ, ನಿಮ್ಮ ಬೆರಳಲ್ಲಿ ಗೆರೆಯೇ ಇಲ್ಲ.

ಮಂಡ್ಯದ ತಾಲ್ಲೂಕು ಕಚೇರಿ, ಎರಡನೇ ಕೌಂಟರು.
ಫ್ಯಾನು ತಿರುಗುತ್ತೆ, ಗಾಳಿ ಹುಡುಗನಿಗೆ ಮಾತ್ರ.

ಗೆರೆ ಎಲ್ಲಿಂದ ಬರಬೇಕು ಕಂದ,
ಮಸ್ಕತ್ತಿನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ವರ್ಷ
ಬೆಡ್‌ಶೀಟು ಒಗೆದಿದ್ದೀನಿ.
ಯಾರದೋ ರಕ್ತ, ಯಾರದೋ ಹೆರಿಗೆ,
ಬ್ಲೀಚಿನ ನೀರಿಗೆ ಶೇಖನ ಕಲೆಯೂ ಒಂದೇ, ಡ್ರೈವರನ ಕಲೆಯೂ ಒಂದೇ.
ಕಲೆಯ ಜೊತೆ ನಾನೂ ಸ್ವಲ್ಪ ಹೋದೆ, ಅಷ್ಟೆ.

ನಮ್ಮಪ್ಪ ಹೆಬ್ಬೆಟ್ಟು ಗಿರಾಕಿ.
ಸೊಸೈಟಿಯಲ್ಲಿ ನೀಲಿ ಮಸಿ ಒತ್ತಿ ಬಂದು
ಹಜಾರದ ಕಂಬಕ್ಕೆ ಬೆರಳು ಒರೆಸುತ್ತಿದ್ದ,
ಆ ಕಂಬದ ತುಂಬಾ ಅವನ ನಾಚಿಕೆ.
ನೀನಾದ್ರೂ ಸೈನು ಕಲಿ ದೇವೀರಿ, ಅಂದ.
ಕಲಿತೆ. ಕನ್ನಡದಲ್ಲಿ, ಇಂಗ್ಲಿಷಿನಲ್ಲಿ,
ಸಂಬಳದ ರಿಜಿಸ್ಟರಿಗೆ ಬೇಕೆಂದು ಅರಬ್ಬಿಯಲ್ಲೂ,
ಬಲದಿಂದ ಎಡಕ್ಕೆ, ಬಾವಿ ರಾಟೆ ಹಿಂದಕ್ಕೆ ತಿರುಗಿಸಿದ ಹಾಗೆ.
ಈಗ ಹುಡುಗ ಹೇಳ್ತಾನೆ,
ಸೈನು ನಡೆಯಲ್ಲ, ಹೆಬ್ಬೆಟ್ಟೇ ಬೇಕು.
ಅಪ್ಪ ಇದ್ದಿದ್ದರೆ ನಗುತ್ತಿದ್ದ.
ಅಲ್ಲ, ನಗುತ್ತಿರಲಿಲ್ಲ.

ಸರ್ವರ್ ಬಿತ್ತು. ಸಾಲು ಪೂರ್ತಿ ಟೀ ಅಂಗಡಿಗೆ ಹೊರಟಿತು.
ಅಲ್ಲಿ ಸಿಂಗಾರಿಗೌಡರು, ರಿಟೈರ್ಡ್ ಮೇಷ್ಟ್ರು,
ನನ್ನ ಸೂಟ್‌ಕೇಸಿನ ವಯಸ್ಸು ನೋಡಿಯೇ ಊರು ಹೇಳಿಬಿಟ್ಟರು.
"ಅಲ್ಲಿ ಚೆನ್ನಾಗಿದೆ ಅಲ್ವೇನಮ್ಮ? ಗಲಾಟೆ ಇಲ್ಲ, ಬ್ಯಾನರ್ ಇಲ್ಲ,
ರೋಡಲ್ಲಿ ಉಗಿದ್ರೆ ದಂಡ. ಹಂಗಿರಬೇಕು ಆಡಳಿತ."

ಹೌದು ಸಾರ್, ಚೆನ್ನಾಗಿದೆ.
ರಸ್ತೆ ಮೇಲೆ ಎಲೆ ಹಾಕದೇ ಊಟ ಬಡಿಸಬಹುದು.
ಕರೆಂಟು ಹೋಗಿದ್ದು ಎರಡೇ ಸಲ, ಅದರಲ್ಲೊಂದು ಚಂಡಮಾರುತ.
ಸುಳ್ಳು ಯಾಕೆ ಹೇಳಲಿ,
ನಮ್ಮ ಬಸ್‌ಸ್ಟ್ಯಾಂಡಿನ ಶೌಚಾಲಯದ ಮುಂದೆ ಮೂಗು ಹಿಡಿದಾಗೆಲ್ಲ
ನನಗೂ ಅಲ್ಲಿಯದೇ ನೆನಪು.

ಆದರೆ ಸಾರ್, ಅಷ್ಟು ವರ್ಷದಲ್ಲಿ ಒಬ್ಬರೂ ನನ್ನನ್ನು
ನಿನಗೇನನ್ನಿಸುತ್ತೆ ಅಂತ ಕೇಳಲಿಲ್ಲ.
ಒಣಗಿದೆಯಾ, ಎಷ್ಟು ಕೇಜಿ, ಬೇಗ ಬೇಗ. ಇಷ್ಟೇ ಕೇಳಿದ್ದು.
ರೂಮಿನಲ್ಲಿ ಎಂಟು ಜನ, ನಾಲ್ಕು ಭಾಷೆ.
ಸಿಂಹಳದ ಕುಸುಮಾವತಿ ದೀಪ ಆರಿದ ಮೇಲೆ
ಗೋಡೆ ಕಡೆ ತಿರುಗಿ ಏನನ್ನೋ ಬೈಯುತ್ತಿದ್ದಳು.
ಅವಳೂರಿನ ಸರ್ಕಾರವನ್ನೇ ಇರಬೇಕು ಅಂದುಕೊಂಡು
ನಾನೂ ನಮ್ಮೂರಿನದನ್ನು ಬೈಯುತ್ತಿದ್ದೆ,
ಕಬ್ಬಿನ ರೇಟು, ನಾಲೆ ನೀರು, ಎಲ್ಲ ಸೇರಿಸಿ.
ಅವಳು ಹೂಂಗುಟ್ಟುವಳು. ನಾನೂ.
ಆರು ವರ್ಷ ಹೀಗೆ ರಾಜಕೀಯ ಮಾತಾಡಿದೆವು.

ಆಮೇಲೆ ಫೋನು ಬಂತು, ಮಾತನ್ನೇ ಭಾಷಾಂತರ ಮಾಡೋ ಅಂಥದ್ದು.
ಅವಳು ಬೈಯುತ್ತಿದ್ದದ್ದು ಸರ್ಕಾರವನ್ನಲ್ಲ,
ಗಂಡನ್ನ.
ಆ ರಾತ್ರಿ ಇಬ್ಬರೂ ಫೋನು ಮಗುಚಿಟ್ಟು ಮಲಗಿದೆವು.

ಇಲ್ಲಿ ಹತ್ತು ರೂಪಾಯಿ ಟೀ ಜೊತೆ
ಎಮ್ಮೆಲ್ಲೆಗೆ, ನೀರಾವರಿ ಇಂಜಿನಿಯರಿಗೆ, ದಿಲ್ಲಿಗೆ, ದೇವರಿಗೆ
ಉಗಿಯೋದು ಪುಕ್ಕಟೆ.
ಉಗೀರಿ ಸಾರ್, ರೋಡಿಗೆ ಮಾತ್ರ ಬೇಡ.
ಈ ಸದ್ದು ಕೇಳಿ ಬಾಳ ದಿನ ಆಗಿತ್ತು.

ಮೇಷ್ಟ್ರು ಲೋಟ ಕೆಳಗಿಟ್ಟರು.
"ನಿಮ್ಮ ಓಟು ಎಲ್ಲಿದೆಯಮ್ಮ?"
ಅಲ್ಲಿ ಇರಲೇ ಇಲ್ಲ ಸಾರ್. ಇಲ್ಲಿ ಹೆಸರು ತೆಗೆದಿದ್ದಾರೆ,
ಊರಲ್ಲಿ ವಾಸ ಇಲ್ಲ ಅಂತ ಬರೆದು.
ನಮ್ಮತ್ತೆ ಹೆಸರು ಮಾತ್ರ ಹಂಗೇ ಐತೆ,
ಅವರು ತೀರಿಕೊಂಡು ಆರು ವರ್ಷ.

ಕಬ್ಬಿನ ಟ್ರ್ಯಾಕ್ಟರೊಂದು ರಸ್ತೆ ಪೂರ್ತಿ ತುಂಬಿಕೊಂಡು ಬಂತು,
ಸ್ಕೂಲು ಹುಡುಗರು ಹಿಂದಿನಿಂದ ಜಲ್ಲೆ ಎಳೆದರು,
ಡ್ರೈವರು ಕಂಡೂ ಕಾಣದವನಂತೆ ಹಾಡು ಜೋರು ಮಾಡಿದ.
ಮೇಷ್ಟ್ರು ಏನೋ ಹೇಳಿದರು. ಕೇಳಿಸಲಿಲ್ಲ.

ಸರ್ವರ್ ಬಂತು. ಹತ್ತೂ ಬೆರಳು ಒತ್ತಿಸಿದ ಹುಡುಗ,
ಪಾಪ, ಕೊನೆಗೆ ನನ್ನ ಕೈ ಹಿಡಿದು ತಾನೇ ಒತ್ತಿದ.
ಸೋಮವಾರ ಬನ್ನಿ, ಕಣ್ಣು ನೋಡೋ ಮಷೀನು ಮೈಸೂರಿಂದ ಬರುತ್ತೆ.

ಬರ್ತೀನಿ ಬಿಡಪ್ಪ.
ಮೇಷ್ಟ್ರಿಗೆ ಇನ್ನೂ ಅರ್ಧ ಉತ್ತರ ಬಾಕಿ ಐತೆ.
ಅವರ ಟೀ ದುಡ್ಡೂ.