ಒಂದೇ ಕುರ್ಚಿಯ ಜಾಗ

ಪುಣೆಯ ತಾಂಬಟ ಆಳಿಯಲ್ಲಿ ಶಿರೀಷ ಕರಡೆ
ಸ್ಪೀಕರಿನ ಬೆನ್ನು ಬಿಚ್ಚಿ ತೋರಿಸಿದ:
"ನೋಡಿ, ಒಳಗೆ ಏನೂ ಇಲ್ಲ.
ಕ್ರಾಸ್‌ಓವರಿನ ಗೋಜೇ ಇಲ್ಲ.
ಎರಡು ತಂತಿ, ಅಂಗೈಯಗಲ ಕಾಗದ."
ಪಕ್ಕದಲ್ಲಿ ಯಾರೋ ಹಂಡೆ ಬಡಿಯುತ್ತಿದ್ದರು.

ಮನೆಗೆ ತಂದು ಹಚ್ಚಿದೆ.
ಮಂದ್ರದಿಂದ ತಾರಕ್ಕೆ ಹೋಗುವಾಗ
ಸ್ವಾರಗೇಟಿನಲ್ಲಿಳಿದು
ಬಸ್ಸು ಬದಲಿಸಲಿಲ್ಲ ಅವಳ ದನಿ.
ಷಡ್ಜಕ್ಕೆ ಮುನ್ನ ಉಗುಳು ನುಂಗಿದ್ದೂ ಕೇಳಿಸಿತು.

ಆದರೆ ತಬಲಾದವನ ಎಡಗೈ ಎಲ್ಲಿ?
ಡಗ್ಗಾ ನುಡಿದರೆ ಪಕ್ಕದ ಮನೆಯಲ್ಲಿ
ರೊಟ್ಟಿ ಬಡಿದ ಹಾಗೆ.
ಸ್ವಲ್ಪ ಏರಿಸಿದೆನೋ, ಶಹನಾಯಿ ಕಿವಿ ಹಿಂಡಿತು.

"ಸಪ್ಪೆ," ಅಂದಳು ಕುಮುದಿನಿ,
ಕಿಟಕಿಯ ಕಡೆ ಬಟಾಣಿ ಸುಲಿಯುತ್ತ.
ನಿಜ. ಮೇಲಿನ ಸ್ವರಗಳು ಟಾರ್ಚಿನ ಬೆಳಕು,
ನೆಟ್ಟಗೆ ಹೋಗುತ್ತವೆ;
ಒಂದು ಮಾರು ಸರಿದರೆ ಕತ್ತಲು.
ಬೆಳಕಿದ್ದದ್ದು ಒಂದೇ ಕುರ್ಚಿಗೆ.

ನೀನು ಕೂಡು, ನೀವು ಕೂಡಿರಿ,
ಇದರಲ್ಲೇ ವಾರ ಹೋಯಿತು.
ವಾಪಸು ಕೊಡುವ ಮಾತೂ ಬಂತು.
ಕಡೆಗೊಂದು ರಾತ್ರಿ ಸ್ಟೂಲು ಎಳಕೊಂಡು
ನನ್ನ ಬೆನ್ನ ಹಿಂದೆಯೇ ಕೂತಳು,
ಹೆಗಲ ಮೇಲೆ ಕೈಯಿಟ್ಟು,
ಲಕ್ಷ್ಮೀ ರಸ್ತೆಗೆ ಸ್ಕೂಟರಿನಲ್ಲಿ ಹೋಗುತ್ತಿದ್ದ ಹಾಗೆ.

"ಹೂಂ, ಹಚ್ಚಿರಿ ಈಗ. ಸಾವಕಾಶ."